ಪೆಟ್ಟಿಗಿ ಅಕ್ಕೋರು

"ಎಲ್ಲಾರೂ ಬ್ಯಾಡ ಅನ್ನಾಕತ್ತಾರ್ರಿ ಮೇಡಂ" ಎಂದು ಯಾರಾದರೂ ಬಂದು ಹೇಳಿದರೆ ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟು, ಕನ್ನಡಕವನ್ನು ಹಣೆಗೇರಿಸಿ, "ಎಲ್ಲಾರು ಅಂದ್ರ ಎಷ್ಟ ಮಂದಿ?" ಎಂದು ಕೇಳುತ್ತಿದ್ದರು. ಸಿಟ್ಟಿನಿಂದಲ್ಲ, ವ್ಯಂಗ್ಯಕ್ಕೂ ಅಲ್ಲ. ಅವರಿಗೆ ನಿಜವಾಗಿ ತಿಳಿಯಬೇಕಿತ್ತು. ಬಂದವನು ತಡವರಿಸಿ, "ನಾನು, ಮತ್ತ ಆಫೀಸಿನ ಕುಲಕರ್ಣಿಯವರು..." ಎಂದರೆ, "ಹಂಗಾದ್ರ ಇಬ್ರು" ಎಂದು ಪೆನ್ನು ಎತ್ತಿಕೊಳ್ಳುತ್ತಿದ್ದರು. ನಮ್ಮ ಕಾಲೇಜಿನ ಎಷ್ಟೋ ಜಗಳಗಳು ಈ ಪ್ರಶ್ನೆಗೆ ಅಂಜಿಯೇ ಅವರ ಬಾಗಿಲು ದಾಟಲಿಲ್ಲ.

ಅವರು ಈ ಚಳಿಗಾಲದಲ್ಲಿ ತೀರಿಕೊಂಡರು. ಹೆಸರು ಬರೆಯುವುದಿಲ್ಲ. ಅವರ ಕೋಣೆಯ ಬಾಗಿಲಿನ ಹೆಸರಿನ ಫಲಕ ಒಮ್ಮೆ ಕಳಚಿ ಬಿದ್ದಾಗ, "ಬರೋರಿಗೆ ಗೊತ್ತೈತಿ, ಬಿಡ್ರಿ" ಎಂದು ಅದನ್ನು ಮತ್ತೆ ಹಾಕಿಸಲಿಲ್ಲ. ಅಂಥವರ ಹೆಸರನ್ನು ನಾನು ಅಚ್ಚು ಹಾಕಿಸುವುದು ಸರಿಯಲ್ಲ. ಹುಬ್ಬಳ್ಳಿಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಅವರು ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದರು, ಪಕ್ಕದ ಕೋಣೆಯಲ್ಲಿ ನಾನು ಕಂಪ್ಯೂಟರ್ ಪಾಠ ಮಾಡುತ್ತಿದ್ದೆ. ಬಹಳ ವರ್ಷ ಒಂದೇ ಗೋಡೆಯ ಆಚೀಚೆ ಕೂತವರು ನಾವು. ಸ್ನೇಹಿತರು ಎನ್ನಲು ನನಗೆ ಧೈರ್ಯವಿಲ್ಲ. ಅವರಿಗೆ ಸ್ನೇಹಿತರು ಅಂತ ಯಾರಾದರೂ ಇದ್ದರೋ ಇಲ್ಲವೋ ಅದೂ ಗೊತ್ತಿಲ್ಲ. ಚಹಾದ ಹೊತ್ತಿಗೆ ನಾವೆಲ್ಲ ಮಾತಾಡುತ್ತಿದ್ದೆವು, ಅವರು ಚಹಾ ಕುಡಿಯುತ್ತಿದ್ದರು.

ಒಮ್ಮೆ ಪ್ರಿನ್ಸಿಪಾಲರು ಸಭೆಯಲ್ಲಿ ಎರಡು ಸೆಕ್ಷನ್ನುಗಳ ಫಲಿತಾಂಶ ಓದಿದರು. ಒಂದರಲ್ಲಿ ನೂರಕ್ಕೆ ತೊಂಬತ್ತು ಪಾಸು, ಇನ್ನೊಂದರಲ್ಲಿ ಐವತ್ತು. ಎರಡನ್ನೂ ಕೂಡಿಸಿ ಅರ್ಧ ಮಾಡಿ, ವಿಭಾಗದ ಫಲಿತಾಂಶ ಎಪ್ಪತ್ತು ಎಂದು ಘೋಷಿಸಿದರು. ಚಪ್ಪಾಳೆಯಾಯಿತು. ಇವರು ಎದ್ದು ನಿಂತರು. "ಸರ, ಮೊದಲನೇ ಸೆಕ್ಷನ್ನಿನಾಗ ಇಪ್ಪತ್ತ ಹುಡುಗ್ರು, ಎರಡನೇದರಾಗ ಅರವತ್ತು. ಎಪ್ಪತ್ತ ಹೆಂಗ ಆಕ್ಕೈತ್ರಿ? ಅರವತ್ತ ಆಗತೈತಿ." ಹೇಳಿ ಕೂತರು. ಚಪ್ಪಾಳೆ ತಟ್ಟಿದವರು ಕೈಗಳನ್ನು ಮೇಜಿನ ಕೆಳಗೆ ಇಳಿಸಿಕೊಂಡರು. ಪ್ರಿನ್ಸಿಪಾಲರು ಆ ವರ್ಷ ಅವರನ್ನು ಯಾವ ಸಮಿತಿಗೂ ಹಾಕಲಿಲ್ಲ. ಅವರಿಗೆ ಅದು ಶಿಕ್ಷೆ ಎಂದು ಗೊತ್ತೇ ಆಗಲಿಲ್ಲ. ಬಿಡುವು ಸಿಕ್ಕಿತಲ್ಲ ಎಂದು ಪ್ರಯೋಗಾಲಯದಲ್ಲಿ ಬೆಸುಗೆ ಹಾಕುತ್ತ ಕೂತರು.

ಅವರ ಊರು ಅಣ್ಣಿಗೇರಿ. ಅಪ್ಪ ಅಲ್ಲಿನ ಕಾಳಿನ ಪೇಟೆಯಲ್ಲಿ ಹಮಾಲಿ ಮಾಡುತ್ತಿದ್ದವರು. ಮನೆಯ ಗೋಡೆಯ ಮೇಲೆ ಬುದ್ಧನದೊಂದು ಚಿತ್ರ ಬಿಟ್ಟರೆ ಬೇರೇನೂ ಇರಲಿಲ್ಲವಂತೆ, ಗೋಡೆಯೂ ಒಂದೇ ಸರಿಯಾಗಿದ್ದದ್ದು ಎಂದು ಅವರೇ ಹೇಳಿ ನಕ್ಕಿದ್ದರು. ಪೇಟೆಯಲ್ಲಿ ಕಡಲೆಯ ಚೀಲಗಳನ್ನು ಸಾಲಾಗಿ ನಿಲ್ಲಿಸಿ, ಒಂದೊಂದಕ್ಕೂ ಕೊಳವೆ ಚುಚ್ಚಿ, ಬಂದ ಕಾಳನ್ನೆಲ್ಲ ಒಂದು ಬಟ್ಟೆಯ ಮೇಲೆ ಕಲೆಸಿ, ಅದರಲ್ಲೊಂದು ಹಿಡಿ ತೋರಿಸಿ ಇಡೀ ಲಾಟಿಗೆ ಸವಾಲು ಕೂಗುತ್ತಾರೆ. ಸಣ್ಣ ಹುಡುಗಿಯಾಗಿದ್ದಾಗ ಅಪ್ಪನಿಗೆ ಬುತ್ತಿ ಒಯ್ದು ಅದನ್ನು ನೋಡುತ್ತ ನಿಲ್ಲುತ್ತಿದ್ದರಂತೆ. "ಹಿಡಿ ಸುಳ್ಳ ಹೇಳಂಗಿಲ್ರಿ" ಎಂದು ಬಸ್ಸಿನಲ್ಲಿ ಒಮ್ಮೆ ನನಗೆ ಹೇಳಿದರು, "ಆದ್ರ ಪ್ರತಿ ಚೀಲಕ್ಕೂ ಒಂದ ಸಲ ಚುಚ್ಚಿರಬೇಕು. ಬಿಡಬಾರ್ದು, ಎರಡ ಸಲನೂ ಚುಚ್ಚಬಾರ್ದು." ತಮ್ಮ ಬಾಲ್ಯದ ಬಗ್ಗೆ ಅವರಿಂದ ನಾನು ಕೇಳಿದ್ದು ಇಷ್ಟೇ. ಅದೂ ಕೆಲಸದ ಮಾತಿನ ನಡುವೆ ಬಂದದ್ದು.

ಆ ಬಸ್ಸು ಯರಗುಪ್ಪಿಗೆ ಹೊರಟಿತ್ತು. ಅಲ್ಲಿನ ಹೊಲಗಳಲ್ಲಿ ಅವರೊಂದು ಯೋಜನೆ ಹಾಕಿಕೊಂಡಿದ್ದರು, ನನ್ನನ್ನು ಎಳೆದುಕೊಂಡಿದ್ದರು. ಹೇಳುವುದಕ್ಕೆ ಸರಳವಾದ ಯೋಜನೆ. ಹೊಲಕ್ಕೊಂದು ಕಂಬ, ಕಂಬದ ಮೇಲೆ ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ. ಪೆಟ್ಟಿಗೆಯಿಂದ ಎರಡು ಕಡ್ಡಿಗಳು ಮಣ್ಣಿಗಿಳಿದು ಹಸಿ ಎಷ್ಟಿದೆ ಎಂದು ಅಳೆಯುತ್ತವೆ. ಅಳೆದದ್ದು ರೇಡಿಯೋ ಮೂಲಕ ಊರೊಳಗಿನ ಸೊಸೈಟಿ ಕಟ್ಟಡದ ಮಾಳಿಗೆಯ ಮೇಲಿರುವ ಯಂತ್ರಕ್ಕೆ ಮುಟ್ಟಬೇಕು. ಅಲ್ಲಿಂದ ರೈತರ ಫೋನಿಗೆ ಒಂದು ಸಂದೇಶ: ಬಿತ್ತುವಷ್ಟು ಹಸಿ ಇದೆ, ಅಥವಾ ಇಲ್ಲ.

ತೊಡಕು ಇದ್ದದ್ದು ನಡುವಿನ ದಾರಿಯಲ್ಲಿ. ದೂರದ ಪೆಟ್ಟಿಗೆಯ ದನಿ ಊರ ತನಕ ಮುಟ್ಟುವುದಿಲ್ಲ. ಬಾಜೂ ಹೊಲದ ಪೆಟ್ಟಿಗೆಗೆ ಮುಟ್ಟುತ್ತದೆ, ಅದು ಮುಂದಿನದಕ್ಕೆ ಹೇಳಬೇಕು. ಎಲ್ಲರ ಅಂಕಿಗಳನ್ನೂ ಬಿಡಿಬಿಡಿಯಾಗಿ ಸಾಗಿಸಿದರೆ ಊರಿಗೆ ಹತ್ತಿರದ ಪೆಟ್ಟಿಗೆಗಳು ಎಲ್ಲರ ಹೊರೆ ಹೊತ್ತು, ಬ್ಯಾಟರಿ ತೀರಿ, ಮೊದಲು ಸಾಯುತ್ತವೆ. ಅವು ಸತ್ತರೆ ಹಿಂದಿನವು ಬದುಕಿದ್ದೂ ಮೂಕ. ಆದ್ದರಿಂದ ಪ್ರತಿ ಪೆಟ್ಟಿಗೆಯೂ ಹಿಂದಿನಿಂದ ಬಂದದ್ದಕ್ಕೆ ತನ್ನದನ್ನು ಕೂಡಿಸಿ ಎರಡೇ ಅಂಕಿ ಮುಂದೆ ಕಳಿಸುತ್ತದೆ. ಒಟ್ಟು ಎಷ್ಟು, ಮತ್ತು ಅದು ಎಷ್ಟು ಪೆಟ್ಟಿಗೆಗಳದು. ದೂರದ್ದು ಕಳಿಸುವುದೂ ಎರಡಂಕಿ, ಹತ್ತಿರದ್ದು ಕಳಿಸುವುದೂ ಎರಡಂಕಿ. ಯಾರಿಗೂ ಹೆಚ್ಚಿನ ಭಾರವಿಲ್ಲ. ಪ್ರೋಗ್ರಾಂ ಬರೆದವನು ನಾನು, ವಿಚಾರ ಅವರದು. ಒಳ್ಳೆಯ ವಿಚಾರ ಎಂದು ಇವತ್ತಿಗೂ ಹೇಳುತ್ತೇನೆ.

ಊರಿಗೆ ಹೋದ ಮೊದಲ ದಿನ ಸೊಸೈಟಿಯ ಕಟ್ಟೆಯ ಮೇಲೆ ಒಬ್ಬ ಹಿರಿಯರು, ರುಮಾಲು ಸರಿಮಾಡಿಕೊಳ್ಳುತ್ತ, "ಅಕ್ಕೋರು ಯಾವ ಪೈಕಿ ಆತ್ರಿ?" ಎಂದು ಕೇಳಿದರು. ನಮ್ಮ ಕಡೆ ಯಾವ ಜಾತಿ ಎಂದು ಮರ್ಯಾದೆಯಿಂದ ಕೇಳುವ ಬಗೆ ಅದು. ನನಗೆ ಕಸಿವಿಸಿಯಾಯಿತು. ಅವರಿಗೆ ಆಗಲಿಲ್ಲ. "ಎಲೆಕ್ಟ್ರಾನಿಕ್ಸ್ ಪೈಕಿರಿ" ಎಂದರು. ಹಿರಿಯರು ಸ್ವಲ್ಪ ಹೊತ್ತು ಯೋಚಿಸಿ, "ನಮ್ಮ ಊರಾಗ ಆ ಪೈಕಿ ಯಾರೂ ಇಲ್ಲ ನೋಡ್ರಿ" ಎಂದರು. ನಕ್ಕರೋ ಇಲ್ಲವೋ ರುಮಾಲಿನ ನೆರಳಲ್ಲಿ ಕಾಣಲಿಲ್ಲ. ಆ ದಿನ ನನಗೆ ಚಹಾ ಬಂತು, ಅವರಿಗೆ ಬರಲಿಲ್ಲ. ನಾನು ಕಪ್ಪು ಹಿಡಿದು ಒದ್ದಾಡುತ್ತಿದ್ದರೆ, "ಆರತೈತಿ, ಕುಡೀರಿ ಸರ" ಎಂದು ಪೆಟ್ಟಿಗೆಯ ಸ್ಕ್ರೂ ಬಿಗಿಯುತ್ತ ಕೂತರು. ಒಂದೆರಡು ತಿಂಗಳಲ್ಲಿ ಅವರಿಗೂ ಬರತೊಡಗಿತು. ಬಂದಾಗ ಕುಡಿದು, ಕಪ್ಪು ಕೆಳಗಿಟ್ಟು, ಮತ್ತೆ ಸ್ಕ್ರೂಗೆ ಕೈಹಾಕಿದರು. ಊರವರು ಅವರಿಗೆ ಪೆಟ್ಟಿಗಿ ಅಕ್ಕೋರು ಎಂದು ಹೆಸರಿಟ್ಟರು.

ಪೆಟ್ಟಿಗೆಗಳು ಹೇಗೆ ಮಾತಾಡುತ್ತವೆ ಎಂದು ಊರವರಿಗೆ ತಿಳಿಸಲು ಶಾಲೆಯ ಪಡಸಾಲೆಯಲ್ಲಿ ಎಲ್ಲರನ್ನೂ ಕೂಡಿಸಿದರು. ನಾನು ಪರದೆ, ಪ್ರೊಜೆಕ್ಟರ್ ಸಿದ್ಧ ಮಾಡಿಕೊಂಡು ಹೋಗಿದ್ದೆ. ಅವರು ಅದನ್ನು ಮುಟ್ಟಲಿಲ್ಲ. ಕೂತವರಿಗೆಲ್ಲ ಒಂದೊಂದು ಹಿಡಿ ಜೋಳ, ಒಂದೊಂದು ಹುಣಸೆಬೀಜ ಹಂಚಿದರು. ಕೆಲವರಿಗೆ ದೊಡ್ಡ ಹಿಡಿ, ಕೆಲವರಿಗೆ ನಾಲ್ಕು ಕಾಳು. ಹಿಂದಿನ ಸಾಲಿನಿಂದ ಒಂದು ಕೈಚೀಲ ಹೊರಟಿತು. ಪ್ರತಿಯೊಬ್ಬರೂ ತಮ್ಮ ಜೋಳವನ್ನೂ ಹುಣಸೆಬೀಜವನ್ನೂ ಹಾಕಿ ಮುಂದಿನವರಿಗೆ ಕೊಟ್ಟರು. ಚೀಲ ಮುಂದೆ ಬಂದಾಗ ಅವರು ಹುಣಸೆಬೀಜಗಳನ್ನು ಆರಿಸಿ ಎಣಿಸಿ, "ಇಷ್ಟ ಮಂದಿ, ಇಷ್ಟ ಜ್ವಾಳ. ಪಾಲ ಮಾಡಿದ್ರ ಒಬ್ಬೊಬ್ಬರ ಕೈಯಾಗ ಎಷ್ಟಿತ್ತಂತ ತಿಳೀತಿಲ್ಲೋ? ಯಾರದೂ ಹೊರಿ ಆಗಲಿಲ್ಲ, ಒಂದ ಚೀಲ ಸಾಕಾತು" ಎಂದರು. ಎಲ್ಲರಿಗೂ ಖುಷಿಯಾಯಿತು. ನನ್ನ ಪ್ರೊಜೆಕ್ಟರ್ ಹಾಗೆಯೇ ಹುಬ್ಬಳ್ಳಿಗೆ ವಾಪಸಾಯಿತು.

ಆಗ ಹಿಂದಿನಿಂದ ಒಬ್ಬ ಹೆಣ್ಣುಮಗಳು, "ನಂದು ನಾಕ ಕಾಳ ಇದ್ವಲ್ರಿ ಅಕ್ಕೋರ, ಅವು ಯಾವು ಅಂತ ಹೆಂಗ ಗೊತ್ತಾಗಬೇಕು?" ಎಂದಳು. ಜನ ನಕ್ಕರು. ಅವರೂ ನಕ್ಕು, "ಗೊತ್ತಾಗೂದು ಬ್ಯಾಡವ್ವಾ, ಅದ ಇದರಾಗಿನ ಹಿಕಮತ್ತು" ಎಂದರು.

ಆಕೆಯ ಹೆಸರು ಶಂಕ್ರವ್ವ. ಗಂಡ ಹುಬ್ಬಳ್ಳಿಯಲ್ಲಿ ಸರಕಿನ ಗಾಡಿ ಓಡಿಸುತ್ತಿದ್ದ, ವಾರಕ್ಕೊಮ್ಮೆ ಬರುತ್ತಿದ್ದ. ಒಕ್ಕಲುತನವೆಲ್ಲ ಆಕೆಯದೇ. ಊರಿನ ಬೇರೆಯವರ ಹೊಲಗಳು ತಗ್ಗಿನ ಕರಿ ಎರೆಭೂಮಿ. ಈಕೆಯದು ಅಂಚಿನಲ್ಲಿ, ತುಸು ದಿಬ್ಬದ ಮೇಲೆ, ಹರಳು ಬೆರೆತ ನೆಲ. ಮಳೆ ಬಂದರೆ ನೀರು ಮೊದಲು ಇಳಿದುಹೋಗುವುದು ಅಲ್ಲಿಂದಲೇ. ನಮ್ಮ ಸಾಲಿನ ಕೊನೆಯ ಪೆಟ್ಟಿಗೆ ನೆಟ್ಟದ್ದೂ ಅಲ್ಲಿಯೇ.

ಮೊದಲ ಹಿಂಗಾರಿಗೆ ಸಂದೇಶ ಹೋಯಿತು: ಹಸಿ ಸಾಕಷ್ಟಿದೆ, ಕಡಲೆ ಬಿತ್ತಬಹುದು. ಊರು ಬಿತ್ತಿತು. ತಗ್ಗಿನ ಹೊಲಗಳಲ್ಲಿ ಅಲ್ಲೊಂದು ಇಲ್ಲೊಂದು ಕಡೆ ತೆಳುವಾದರೂ ಮೊಳಕೆ ಬಂತು. ಶಂಕ್ರವ್ವನ ಹೊಲದಲ್ಲಿ ಬರಲೇ ಇಲ್ಲ. ಬೀಜ ನೆಲದೊಳಗೆ ಹಾಗೆಯೇ ಒಣಗಿ ಬಿದ್ದಿತ್ತು.

ಆಕೆ ಕಾಲೇಜಿಗೇ ಬಂದಳು. ಜಗಳಕ್ಕೆ ಬಂದಳೆಂದು ನಾನು ಗೋಡೆಯ ಈಚೆಯಿಂದ ಕಿವಿಗೊಟ್ಟೆ. ಜಗಳವಾಡಲಿಲ್ಲ. ಒಂದೇ ಮಾತು ಕೇಳಿದಳು.

"ನನ್ನ ಹೊಲದಾಗಿನ ಪೆಟ್ಟಿಗಿ ಏನ ಹೇಳಿತ್ತ್ರಿ ಅವತ್ತ?"

ಪೆನ್ನು ಮೇಜಿನ ಮೇಲಿಟ್ಟ ಸದ್ದಾಯಿತು. ಆಮೇಲೆ ಅವರ ದನಿ ಕೇಳಿತು. "ಗೊತ್ತಿಲ್ಲವ್ವಾ."

"ಹಂಗಂದ್ರ? ಅದು ಹೇಳಿಲ್ಲೇನ್ರಿ?"

"ಹೇಳೈತಿ. ದಾರ್ಯಾಗ ಉಳಿದದ್ದರ ಕೂಡ ಕೂಡಿ ಹೋಗೇತಿ. ಬ್ಯಾರೆ ಮಾಡಾಕ ಬರಂಗಿಲ್ಲ."

"ಅಂದ್ರ ಅದು ಒಣಗೇತಿ ಅಂತ ಹೇಳಿದ್ರೂ..."

"ಹೇಳಿದ್ರೂ ನಮಗ ತಿಳೀತಿರಲಿಲ್ಲ."

ಶಂಕ್ರವ್ವ ಎದ್ದು ಹೋದಳು. ಅವರು ಆ ದಿನ ಎರಡು ಪಾಠ ಬಿಟ್ಟರು. ನಾನು ಕಂಡಂತೆ ಅವರು ಪಾಠ ತಪ್ಪಿಸಿದ್ದು ಅದೊಂದೇ ಸಲ. ಮರುದಿನ ಬೆಳಿಗ್ಗೆ ನನ್ನ ಬಾಗಿಲಲ್ಲಿ ನಿಂತು, "ಸರ, ಯರಗುಪ್ಪಿಗೆ ಹೋಗೂಣು ಬರ್ರಿ" ಎಂದರು.

ಹೊಲದಿಂದ ಹೊಲಕ್ಕೆ, ಪೆಟ್ಟಿಗೆಯಿಂದ ಪೆಟ್ಟಿಗೆಗೆ ನಡೆದೆವು. ತಗ್ಗಿನ ಒಂದು ಹೊಲದಲ್ಲಿ ಅವರು ಕಂಬದ ಬುಡಕ್ಕೆ ಕೂತು, ಮಣ್ಣು ಮುಷ್ಟಿಗೆ ತೆಗೆದುಕೊಂಡು ಮೂಸಿದರು. ನನ್ನ ಮೂಗಿಗೂ ಹಿಡಿದರು. ಕುರಿಯ ಉಚ್ಚೆ. ಹೆಸರುಕಾಳಿನ ಬೆಳೆ ಕಿತ್ತ ಮೇಲೆ, ಕಡಲೆ ಬಿತ್ತುವ ಮುಂಚೆ, ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ನಿಲ್ಲಿಸುವುದು ಇಲ್ಲಿನ ರೂಢಿ. ಹಿಂಡನ್ನು ರಾತ್ರಿ ಬಲೆ ಕಟ್ಟಿ ಕೂಡಿಹಾಕುತ್ತಾರೆ. ಕುರಿಗಾರರಿಗೆ ಬಲೆ ಕಟ್ಟಲು ನಮ್ಮ ಕಂಬ ಅಗದಿ ಅನುಕೂಲವಾಗಿತ್ತು. ಒಂದಲ್ಲ, ತಗ್ಗಿನ ಹಲವಾರು ಹೊಲಗಳಲ್ಲಿ ಕುರಿಗಳು ಪೆಟ್ಟಿಗೆಯ ಕಡ್ಡಿಗಳ ಸುತ್ತಲೇ ನಿಂತು ಹೋಗಿದ್ದವು. ಉಚ್ಚೆಯ ಉಪ್ಪು ತಾಗಿದ ಕಡ್ಡಿಗೆ ಒಣಮಣ್ಣೂ ಕೆಸರಿನಂತೆ ಕಾಣುತ್ತದೆ. ಆ ಪೆಟ್ಟಿಗೆಗಳು ತಮಗೆ ತಿಳಿದದ್ದನ್ನು ಪ್ರಾಮಾಣಿಕವಾಗಿಯೇ ಹೇಳಿದ್ದವು. ಅವುಗಳ ಒದ್ದೆಯಲ್ಲಿ ಶಂಕ್ರವ್ವನ ಪೆಟ್ಟಿಗೆಯ ಒಣಮಾತು ಮುಳುಗಿಹೋಗಿತ್ತು.

ನನಗೆ ನಗು ತಡೆಯಲಾಗಲಿಲ್ಲ. ಇಷ್ಟು ಓದಿ, ಇಷ್ಟು ಲೆಕ್ಕ ಹಾಕಿ, ಕುರಿಯ ಉಚ್ಚೆಯ ಸರಾಸರಿ ತೆಗೆದಿದ್ದೆವಲ್ಲ! ಅವರೂ ನಗುತ್ತಾರೆಂದುಕೊಂಡೆ. ಅವರು ಮುಷ್ಟಿಯ ಮಣ್ಣನ್ನು ತಿರುಗಿ ಅದೇ ಕುಣಿಗೆ ಹಾಕಿ, ಒತ್ತಿ, "ಕುರಿದು ಬಿಡ್ರಿ, ಮುಂದಿನ ಸಲ ಬಲಿ ದೂರ ಕಟ್ರಿ ಅಂತ ಹೇಳಿದ್ರ ಆತು. ಆಕಿ ಕೇಳಿದ್ದು ಬ್ಯಾರೆ" ಎಂದರು.

ಅವರಿಗೆ ಹತ್ತಿದ ಚಿಂತೆ ಅದೊಂದೇ. ಕುರಿ ಇರಲಿ ಇಲ್ಲದಿರಲಿ, ದಿಬ್ಬದ ಹೊಲ ಎಂದಿಗೂ ಊರಿನ ಸರಾಸರಿಗಿಂತ ಒಣ. ಊರಿಗೆ ಬಿತ್ತುವ ಹೊತ್ತು ಬಂದಾಗ ಆಕೆಗೆ ಬಂದಿರುವುದಿಲ್ಲ. ನಮ್ಮ ಸಂದೇಶ ನಂಬಿದರೆ ಆಕೆಯ ಬೀಜ ಪ್ರತಿವರ್ಷ ನೆಲದೊಳಗೆ ಸಾಯುತ್ತದೆ. ಲೆಕ್ಕ ತಪ್ಪಾದರೆ ತಿದ್ದಬಹುದು. ಇಲ್ಲಿ ಲೆಕ್ಕ ಸರಿಯಾಗಿದ್ದಷ್ಟೂ ಆಕೆಗೆ ಕೇಡು.

"ಎಲ್ಲಕ್ಕಿಂತ ಕಡಿಮಿ ಯಾವ ಪೆಟ್ಟಿಗಿದು, ಎಷ್ಟು, ಅದನ್ನೂ ಸಾಗಸೂಣು" ಎಂದರು. ನಾನು ಒಪ್ಪಲಿಲ್ಲ. ಎರಡಂಕಿ ಹೋಗುವಲ್ಲಿ ನಾಲ್ಕಂಕಿ, ಬ್ಯಾಟರಿ ಬೇಗ ತೀರುತ್ತದೆ, ಒಬ್ಬರ ಸಲುವಾಗಿ ಊರಿನ ಜಾಲವನ್ನೇ ಬಳಲಿಸುವುದು ಯಾವ ನ್ಯಾಯ ಎಂದೆ. "ಎಷ್ಟ ಬೇಗ ತೀರತೈತಿ?" ಎಂದು ಕೇಳಿದರು. ಲೆಕ್ಕ ಹಾಕಿ ಹೇಳಿದೆ. "ಅಷ್ಟೇ ಅಲ್ಲೇನ್ರಿ?" ಎಂದರು. ನಾನು ಪ್ರೋಗ್ರಾಂ ತಿದ್ದಿದೆ. ತಿದ್ದುವಾಗ ನನಗೆ ಸಿಟ್ಟಿತ್ತು, ಕೆಲಸ ಮಾತ್ರ ನೀಟಾಗಿ ಮಾಡಿದೆ.

ಮುಂದಿನ ಮುಂಗಾರಿಗೆ ಸೊಸೈಟಿ ಮುಂದಿನ ಕರಿಹಲಗೆಯ ಮೇಲೆ ದಿನಾ ಎರಡು ಸಾಲು ಬೀಳತೊಡಗಿದವು. ಒಂದು, ಊರಿನ ಹಸಿ. ಎರಡು, ಎಲ್ಲಕ್ಕಿಂತ ಒಣಗಿದ ಹೊಲ: ಶಂಕ್ರವ್ವನದು. ಅವರಿಗೆ ಬಹಳ ಸಮಾಧಾನವಾಗಿತ್ತು. ವಾರ ತುಂಬುವುದರೊಳಗೆ ಶಂಕ್ರವ್ವ ಮತ್ತೆ ಕಾಲೇಜಿಗೆ ಬಂದಳು. ಈ ಸಲ ಜಗಳಕ್ಕೇ ಬಂದಿದ್ದಳು.

"ಅಕ್ಕೋರ, ನನ್ನ ಹೊಲದ ಮರ್ಯಾದಿ ತಗದ್ರಲ್ರಿ! ಟ್ರ್ಯಾಕ್ಟರ್‌ನವ ಹಲಗಿ ಓದಿ, ನಿಂದು ಹೆಂಗೂ ಒಣಗೇತಿ ತಂಗಿ, ಕಡೀಕ ಬರ್ತೀನಿ ಅಂತಾನ. ಮಂದಿ ಬಾವಿ ಕಟ್ಟಿ ಮ್ಯಾಲ ನನ್ನ ನೋಡಿ ಚ್ ಚ್ ಅಂತಾರ. ನಾ ನಿಮಗ ಊರಿಗೆಲ್ಲಾ ಸಾರ್ರಿ ಅಂತ ಹೇಳಿದ್ನೇನ್ರಿ? ನನ್ನದು ನನಗ ಹೇಳ್ರಿ ಅಂದಿದ್ದೆ."

ಗೋಡೆಯ ಈಚೆ ಕೂತ ನನಗೆ ಒಳಗೊಳಗೇ ಖುಷಿಯಾಯಿತು. ಈಗಲಾದರೂ ನನ್ನ ಮಾತಿಗೆ ಬರುತ್ತಾರೆ ಎಂದುಕೊಂಡೆ. ಅವರು ಬರಲಿಲ್ಲ. ಹಲಗೆಯ ಎರಡನೆಯ ಸಾಲನ್ನು ಆ ದಿನವೇ ಅಳಿಸಲು ಹೇಳಿ, ಪ್ರಯೋಗಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡರು. ಕೆಲವು ದಿನ ಕಳೆದು ಒಂದು ಪೆಟ್ಟಿಗೆಯನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಮುಚ್ಚಳದ ಮೇಲೆ ಒಂದು ಗುಂಡಿ, ಎರಡು ಪುಟ್ಟ ದೀಪ. ಗುಂಡಿ ಒತ್ತಿದರೆ, ಕಡ್ಡಿ ನೆಟ್ಟ ನೆಲದಲ್ಲಿ ಬಿತ್ತುವಷ್ಟು ಹಸಿ ಇದ್ದರೆ ಹಸಿರು, ಇಲ್ಲದಿದ್ದರೆ ಕೆಂಪು. ಅಷ್ಟೇ. ಯಾರಿಗೂ ಏನನ್ನೂ ಕಳಿಸಬೇಕಾಗಿಲ್ಲ.

"ಇದು ಜಾಲ ಅಲ್ರಿ ಮೇಡಂ" ಎಂದೆ ನಾನು, "ಇದು ಬ್ಯಾಟರಿ ದೀಪ."

"ಹೌದು" ಎಂದರು. "ಊರಿಗೆ ಊರಿಂದು ಹೋಗ್ಲಿ. ಆಕಿದು ಆಕಿ ಹೊಲದಾಗ ಇರ್ಲಿ."

ಸಂಶೋಧನೆಯ ಲೆಕ್ಕದಲ್ಲಿ ಅದಕ್ಕೆ ಯಾವ ಬೆಲೆಯೂ ಇರಲಿಲ್ಲ. ಎರಡು ದೀಪ, ಒಂದು ಗುಂಡಿಯ ಮೇಲೆ ಯಾರೂ ಪ್ರಬಂಧ ಬರೆಯಲಾರರು. ಅವರ ಹಿಂದಿನ ಕೆಲಸದ ಬಗ್ಗೆ ಪರ ಊರುಗಳಲ್ಲಿ ಮಾತಾಡಲು ಕರೆ ಬರುತ್ತಿತ್ತು; ಹೋದಲ್ಲೆಲ್ಲ ಕೊನೆಗೆ ಅವರು ಈ ದೀಪದ ವಿಷಯವನ್ನೇ ತೆಗೆಯುತ್ತಿದ್ದರಂತೆ, ಕೇಳುವವರು ಗಡಿಯಾರ ನೋಡಿಕೊಳ್ಳುತ್ತಿದ್ದರಂತೆ. ಜೊತೆಗೆ ಹೋದವರು ಬಂದು ಹೇಳಿದ್ದು.

ಎರಡನೆಯ ಹಿಂಗಾರಿ ಬಂತು. ಕುರಿಯ ಬಲೆಗಳನ್ನು ದೂರ ಕಟ್ಟಿದ್ದರು. ಚಿತ್ತಿ ಮಳೆ ಆಗಿ, ಸಂದೇಶ ಹೋಗಿ, ಊರು ಕೂರಿಗೆ ಹೂಡಿತು. ಶಂಕ್ರವ್ವ ಗುಂಡಿ ಒತ್ತಿದಳು. ಕೆಂಪು. ಮರುದಿನವೂ ಕೆಂಪು. ಆಕೆ ಫೋನು ಮಾಡಿದಳು. ನಾವಿಬ್ಬರೂ ಹೋದೆವು.

ಮಧ್ಯಾಹ್ನದ ಬಿಸಿಲು. ಊರ ಹೊಲಗಳೆಲ್ಲ ಬಿತ್ತಿ ಮುಗಿದಿದ್ದವು. ದಿಬ್ಬದ ಬದುವಿನ ಮೇಲೆ ಟ್ರ್ಯಾಕ್ಟರ್ ಗುಡುಗುಡು ಎನ್ನುತ್ತ ನಿಂತಿತ್ತು. "ಏನಾರ ಒಂದ ಹೇಳ್ರಿ" ಎಂದ ಅದರ ಮಾಲಕ. "ನಾಳೆ ನಾ ಶೆಲವಡಿ ಕಡೆ ಹೊಂಟೀನಿ. ಆಮ್ಯಾಲ ಕರದ್ರ ಬರಾಕಾಗಂಗಿಲ್ಲ. ಮಳಿ ಬರಲಿಲ್ಲಂದ್ರ ಹೊಲ ಬೀಳ ಬೀಳತೈತಿ ನೋಡ್ರಿ." ಅವನ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ.

ಶಂಕ್ರವ್ವ ಅಕ್ಕೋರ ಮುಂದೆ ನಿಂತಳು. "ದೀಪ ಕೆಂಪೈತಿ. ಊರೆಲ್ಲಾ ಬಿತ್ತೇತಿ. ನೀವೇನಂತೀರಿ?"

ನಾನು ಅವರನ್ನು ಬಲ್ಲೆ. ಅಳತೆ ಹೇಳುತ್ತಿದ್ದರು, ಸಲಹೆ ಕೊಡುತ್ತಿರಲಿಲ್ಲ. ವಿದ್ಯಾರ್ಥಿಗಳು ಯಾವ ಕೆಲಸಕ್ಕೆ ಸೇರಲಿ ಎಂದು ಕೇಳಿದರೂ, ಎರಡೂ ಕೆಲಸದ ವಿವರ ಹೇಳಿ, "ಇನ್ನ ನೀ ನೋಡು" ಎಂದು ಕಳಿಸುತ್ತಿದ್ದವರು. ಇಲ್ಲೂ ಹಾಗೆಯೇ ಹೇಳಿ ಪಾರಾಗಬಹುದಿತ್ತು. ಕೆಂಪು ಎಂದರೆ ಹಸಿ ಸಾಲದು, ಮುಂದೆ ಮಳೆ ಬರುತ್ತದೆಂದು ಅದು ಹೇಳುವುದಿಲ್ಲ, ಇನ್ನು ನಿಮ್ಮಿಷ್ಟ. ಪ್ರತಿ ಮಾತೂ ನಿಜವಾಗಿರುತ್ತಿತ್ತು. ಅವರು ಕನ್ನಡಕ ಹಣೆಗೇರಿಸಿ ಹೊಲವನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿದರು.

"ಬಿತ್ತಬ್ಯಾಡ್ರಿ" ಎಂದರು.

ಟ್ರ್ಯಾಕ್ಟರ್ ಹೋಯಿತು. ಬಸ್ಸಿನಲ್ಲಿ ಮರಳುವಾಗ ಅವರು ಟಿಕೇಟನ್ನು ಮಡಿಚುತ್ತ, ಬಿಚ್ಚುತ್ತ ಕೂತಿದ್ದರು. ನಾನು ಕಿಟಕಿಯ ಆಚೆ ನೋಡುತ್ತ ಕೂತೆ. ಅಲ್ಲಿಂದ ಮುಂದೆ ಅವರು ದಿನಾ ಬೆಳಿಗ್ಗೆ ನನ್ನ ಬಾಗಿಲಲ್ಲಿ ನಿಂತು, "ಧಾರವಾಡದಾಗ ಮ್ವಾಡ ಆಗೇತೇನ್ರಿ ಸರ?" ಎಂದು ಕೇಳುತ್ತಿದ್ದರು. ನಾನು ಧಾರವಾಡದಿಂದ ಓಡಾಡುತ್ತಿದ್ದೆ. ಆಗಿಲ್ಲ ಎಂದರೆ ಹೋಗಿಬಿಡುತ್ತಿದ್ದರು. ಒಂದು ಭಾನುವಾರ ಮನೆಗೇ ಫೋನು ಮಾಡಿ ಅದನ್ನೇ ಕೇಳಿದರು. ತಮ್ಮ ಮಾತಿನಿಂದ ಒಬ್ಬಾಕೆಯ ಹೊಲ ಬೀಳು ಬೀಳಬಹುದು ಎಂಬುದು ಅವರನ್ನು ತಿನ್ನುತ್ತಿತ್ತು. ಊಟ ಮಾಡುತ್ತಿದ್ದರೋ ಇಲ್ಲವೋ. ನನಗೆ ಮರುಕ ಹುಟ್ಟಿತು, ತೋರಿಸಲು ದಾರಿ ಗೊತ್ತಿರಲಿಲ್ಲ.

ಸ್ವಾತಿ ಮಳೆ ಬಂತು. ಜೋರಾಗೇನೂ ಅಲ್ಲ, ನೆಲ ತೊಯ್ಯುವಷ್ಟು. ದೀಪ ಹಸಿರಾಯಿತು. ಟ್ರ್ಯಾಕ್ಟರ್ ಇರಲಿಲ್ಲ, ಶಂಕ್ರವ್ವ ಯಾರದೋ ಎತ್ತು ಕೇಳಿ ತಂದು, ಗಂಡನನ್ನು ಕರೆಸಿ, ಹಳೆಯ ಕೂರಿಗೆಯಿಂದ ಬಿತ್ತಿದಳು. ಸುಗ್ಗಿಯಾದ ಮೇಲೆ ಅವರಿಗೆ ಫೋನು ಮಾಡಿ, "ಮಂದಿಗಿಂತ ಕಡಿಮಿ ಬಂತ್ರಿ ಅಕ್ಕೋರ. ಆದ್ರ ಬಂತು" ಎಂದಳಂತೆ. ನನಗೆ ಇದನ್ನು ಹೇಳುವಾಗ ಅವರು ಬಂತು ಎಂಬ ಮಾತನ್ನು ಎರಡು ಸಲ ಹೇಳಿದರು. ಆ ದಿನ ಚಹಾ ಕುಡಿಯುವಾಗ ಮಾತನ್ನೂ ಆಡಿದರು. ಏನು ಮಾತು ಎಂದು ನೆನಪಿಲ್ಲ, ಬಹುಶಃ ಕ್ಯಾಂಟೀನಿನ ಹಾಲಿನ ಬಗ್ಗೆ.

ಆಮೇಲೆ ಯೋಜನೆ ಮುಗಿಯಿತು. ಕಾಲೇಜಿನವರು ಸೊಸೈಟಿ ಮಾಳಿಗೆಯ ಯಂತ್ರವನ್ನು ಬಿಚ್ಚಿ ತಂದರು. ನಾನು ಬರೆದ ಪ್ರೋಗ್ರಾಂ ಯಾರಿಗೂ ಬೇಡವಾಯಿತು. ಅಷ್ಟರಲ್ಲಿ ಇನ್ನೂ ಹಲವರು ತಮ್ಮ ಪೆಟ್ಟಿಗೆಗೂ ದೀಪ ಹಾಕಿಸಿಕೊಂಡಿದ್ದರು, ಅವು ಉಳಿದವು. ಅವರು ನಿವೃತ್ತರಾದ ಮೇಲೂ ಮಳೆಗಾಲದ ಮುಂಚೆ ಯರಗುಪ್ಪಿಗೆ ಹೋಗಿ, ಕಡ್ಡಿ ಒರೆಸಿ, ಬ್ಯಾಟರಿ ಬದಲಿಸಿ ಬರುತ್ತಿದ್ದರೆಂದು ನನಗೆ ತಿಳಿದದ್ದು ಅವರು ತೀರಿಕೊಂಡ ದಿನ.

ಆ ದಿನ ಅವರ ಮನೆಯಲ್ಲಿ ಹೆಚ್ಚು ಜನರಿರಲಿಲ್ಲ. ಅಣ್ಣಿಗೇರಿಯಿಂದ ಬಂದ ತಮ್ಮ, ಅವನ ಹೆಂಡತಿ, ಕಾಲೇಜಿನ ನಾವು ಕೆಲವರು. ಎಲ್ಲರೂ ಸರಳ ಜೀವಿ, ಶಿಸ್ತಿನವರು ಎಂದು ಒಂದೇ ಮಾತು ಹೇಳುತ್ತಿದ್ದರು, ನಾನೂ ಹೇಳಿದೆ. ಮಧ್ಯಾಹ್ನದ ಹೊತ್ತಿಗೆ ಶಂಕ್ರವ್ವ ಬಂದಳು. ಕಂಕುಳಲ್ಲಿ ಕಾಯಿ ತುಂಬಿದ ಹಸಿ ಕಡಲೆಗಿಡಗಳ ಒಂದು ಸಿವುಡು. ಪ್ರತಿವರ್ಷ ಮೊದಲು ಕಿತ್ತ ಸುಲಗಾಯಿ ಅಕ್ಕೋರಿಗೇ ಕೊಡುವುದಂತೆ. "ಸುದ್ದಿ ಗೊತ್ತಾಗಿತ್ತ್ರಿ. ಆದ್ರೂ ಬಿಟ್ಟ ಬರಾಕ ಮನಸ ಆಗಲಿಲ್ಲ" ಎಂದಳು. ಅದನ್ನು ಅವರ ಕಾಲ ಬಳಿ ಇಟ್ಟು, ಉದುರಿದ ಎಲೆಗಳನ್ನು ಆಯ್ದು ಸೆರಗಿಗೆ ಹಾಕಿಕೊಂಡಳು. ಅಳಲಿಲ್ಲ. ಹೊರಗೆ ಬಂದು ನನ್ನನ್ನು ಗುರುತಿಸಿದಳು.

"ಸರ, ಇನ್ನ ನನ್ನ ಪೆಟ್ಟಿಗಿ ಯಾರು ನೋಡ್ತಾರ್ರಿ?"

ಕಾಲೇಜಿನ ಪಾಲಿಗೆ ಆ ಪೆಟ್ಟಿಗೆಗಳು ಮುಗಿದುಹೋದ ಸಂಗತಿ. ಹಾಗೆಂದು ಹೇಳಲು ಬಾಯಿ ತೆರೆದವನು, "ನಾ ನೋಡ್ತೇನಿ" ಎಂದೆ. ಯಾಕೆ ಹಾಗಂದೆನೋ.

ಆಕೆ ನನ್ನನ್ನು ತಲೆಯಿಂದ ಕಾಲಿನ ತನಕ ನೋಡಿದಳು. ಪ್ರೊಜೆಕ್ಟರ್ ತಂದು ಹಾಗೇ ಒಯ್ದವನು ಎಂದು ನೆನಪಿತ್ತೋ ಏನೋ.

"ನಿಮಗ ಬರತೈತೇನ್ರಿ?"

"ಬರೂದಿಲ್ಲ" ಎಂದೆ. "ಕಲೀತೇನಿ."

"ಹಂಗಾದ್ರ ರೋಹಿಣಿ ಮಳಿಗಿಂತ ಮೊದ್ಲ ಬರ್ರಿ" ಎಂದಳು ಶಂಕ್ರವ್ವ. "ಊಟಕ್ಕ ನಮ್ಮನಿಗೇ ಬರ್ರಿ, ಅಕ್ಕೋರು ಅಲ್ಲೇ ಉಣ್ತಿದ್ರು."